ಖಟ್ಲೆ ಹಾಕಿದವರ ಉಮೇದುವಾರ

ಬೇರೆ ಕಡೆ ಸೋತು ಬಂದ ದೊಡ್ಡವರಿಗೆ ಸೀಟು ಕೊಟ್ಟು ಕಳಿಸುವುದು ಬಾಗಲಕೋಟೆಯ ಹಳೇ ರೂಢಿ. 1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪ ಹೊಸದುರ್ಗದಲ್ಲಿ ಬಿದ್ದರು. ಬಾಗಲಕೋಟೆಯ ಬಿ.ಟಿ. ಮುರನಾಳ ತಮ್ಮ ಶಾಸಕ ಸ್ಥಾನ ಬಿಟ್ಟುಕೊಟ್ಟರು. ನಿಜಲಿಂಗಪ್ಪ ಇಲ್ಲಿಂದ ಆರಿಸಿ ಹೋಗಿ ಮುಖ್ಯಮಂತ್ರಿಯಾದರು. ಅಷ್ಟು ದಿನ ಆ ಗಾದಿ ಕಾಯ್ದುಕೊಂಡು ಕೂತವರು ಹುನಗುಂದದ ಎಸ್.ಆರ್. ಕಂಠಿ. ಮಾರ್ಚ್ 14ಕ್ಕೆ ಏರಿದರು, ಜೂನ್ 20ಕ್ಕೆ ಇಳಿದರು. ಒಮ್ಮೆ ಸಿಕ್ಕ ಗಾದಿಯನ್ನು ಕೇಳಿದ ಕೂಡಲೇ ವಾಪಸು ಒಪ್ಪಿಸಿದ ಕಂಠಿಯವರಂಥವರು ರಾಜಕಾರಣದಲ್ಲಿ ಎಷ್ಟು ಮಂದಿ ಸಿಕ್ಕಾರು ಹೇಳಿ!

ಅದಾಗಿ 18 ವರ್ಷಕ್ಕೆ ಇನ್ನೊಬ್ಬ ಸೋತ ಧುರೀಣ ಬಾಗಲಕೋಟೆಗೆ ಬಂದರು. ಈ ಸಲ ಬೇಕಾದದ್ದು ಲೋಕಸಭೆಯ ಸೀಟು. ಬಂದವರು ವೀರೇಂದ್ರ ಪಾಟೀಲ, ಮಾಜಿ ಮುಖ್ಯಮಂತ್ರಿ. ಅವರು ಸೋತದ್ದು ಯಾರ ಕೈಯಲ್ಲಿ? ಇಂದಿರಾ ಗಾಂಧಿಯವರ ಕೈಯಲ್ಲಿ. ಬಾಗಲಕೋಟೆಯಲ್ಲಿ ನಿಂತದ್ದು ಯಾರ ಪಕ್ಷದಿಂದ? ಅದೇ ಇಂದಿರಾ ಗಾಂಧಿಯವರ ಪಕ್ಷದಿಂದ! ಎರಡಕ್ಕೂ ನಡುವೆ ಹದಿನಾಲ್ಕೇ ತಿಂಗಳು. ಈ ಹದಿನಾಲ್ಕು ತಿಂಗಳ ಕಥೆಯನ್ನು ಬರೀ ಪಕ್ಷಾಂತರದ ಕಥೆ ಅಂತ ಬದಿಗಿಟ್ಟರೆ ತಪ್ಪಾದೀತು. ಗೆದ್ದವರು ಸೋತವರ ಮೇಲೆ ಫೌಜದಾರಿ ಖಟ್ಲೆ ಹೂಡಿದರೆ ಏನಾಗುತ್ತದೆ ಎಂಬುದು ಪಾಟೀಲರ ಬಾಳಿನ ಈ ತುಂಡಿನಲ್ಲಿ ಕಂಡಷ್ಟು ಚೆನ್ನಾಗಿ ಬೇರೆ ಕಡೆ ಕಾಣುವುದು ಕಡಿಮೆ.

ಪಾಟೀಲರು ಹುಟ್ಟಿದ್ದು 1924ರ ಫೆಬ್ರುವರಿ 28ರಂದು, ಗುಲ್ಬರ್ಗಾ ಜಿಲ್ಲೆಯ ಚಿಂಚೋಳಿಯಲ್ಲಿ. ಆಗ ಅದು ನಿಜಾಮನ ಸೀಮೆ. ಓದಿದ್ದು ಹೈದರಾಬಾದಿನ ಉಸ್ಮಾನಿಯಾದಲ್ಲಿ, ಕಲಿತದ್ದು ಕಾಯದೆ. ಅಂದರೆ ಕೇಸು, ಜಾಮೀನು, ಸಾಕ್ಷಿ ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಾಜ್ಯ ಒಂದಾದ ಮೇಲೆ ಚಿಂಚೋಳಿಯಿಂದ ಶಾಸಕರಾಗಿ ಬೆಂಗಳೂರಿಗೆ ಬಂದರು, ನಿಜಲಿಂಗಪ್ಪನವರ ಕಣ್ಣಿಗೆ ಬಿದ್ದರು, ಮಂತ್ರಿಯಾದರು. ಅತ್ತ ಉತ್ತರ ಕನ್ನಡದ ರಾಮಕೃಷ್ಣ ಹೆಗಡೆಯೂ ಅದೇ ಗರಡಿಯ ಹುಡುಗ. ಇಬ್ಬರನ್ನೂ ಜನ ನಿಜಲಿಂಗಪ್ಪನವರ ಲವ-ಕುಶ ಅಂತ ಕರೆದರು. ಈ ಲವ-ಕುಶರ ಇಬ್ಬರ ಹಣೆಬರಹದಲ್ಲೂ ಬಾಗಲಕೋಟೆ ಇತ್ತು. ಕುಶನ ಮಾತು ಆಮೇಲೆ.

1968ರಲ್ಲಿ ನಿಜಲಿಂಗಪ್ಪ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ದಿಲ್ಲಿಗೆ ಹೋದರು. ಮೇ 29ರಂದು ಪಾಟೀಲರು ಮುಖ್ಯಮಂತ್ರಿಯಾದರು. ವಯಸ್ಸು 44. ಹೆಗಡೆ ಅವರ ಹಣಕಾಸು ಮಂತ್ರಿ. ಪಾಟೀಲರು ಮಾತು ಕಡಿಮೆ, ಕಡತ ಹೆಚ್ಚು ಎನ್ನುವ ಜಾತಿಯ ಆಡಳಿತಗಾರ. ಸರಕಾರ ಚೆನ್ನಾಗಿಯೇ ನಡೆದಿತ್ತು. ಆದರೆ ಮೇಲೆ ಆಕಾಶ ಬಿರಿಯುತ್ತಿತ್ತು.

1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನಮನೆಯಲ್ಲಿ ಎಐಸಿಸಿ ಅಧಿವೇಶನ. ಮುಖ್ಯಮಂತ್ರಿ ಪಾಟೀಲರ ಊರಲ್ಲೇ ಪಂಕ್ತಿ, ಪಂಕ್ತಿಯಲ್ಲೇ ಜಗಳ. ರಾಷ್ಟ್ರಪತಿ ಯಾರಾಗಬೇಕು ಎಂಬುದರ ಮೇಲೆ ಇಂದಿರಾ ಒಂದು ಕಡೆ, ನಿಜಲಿಂಗಪ್ಪ ಮತ್ತು ಹಿರಿಯರೆಲ್ಲ ಇನ್ನೊಂದು ಕಡೆ. ನವೆಂಬರ್ 12ರಂದು ನಿಜಲಿಂಗಪ್ಪನವರ ಕಡೆಯವರು ಪ್ರಧಾನಿಯನ್ನೇ ಪಕ್ಷದಿಂದ ಹೊರಗೆ ಹಾಕಿದರು. ಕಾಂಗ್ರೆಸ್ಸು ಎರಡಾಯಿತು, ಕೊನೆಗೆ ಜೋಡೆತ್ತಿನ ಗುರುತೂ ಹೋಯಿತು. ಲವ-ಕುಶರು ಗುರುವಿನ ಬೆನ್ನಿಗೆ ನಿಂತರು. ಪರಿಣಾಮ ಏನು? 1971ರ ಮಾರ್ಚಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸೀಟೂ ಇಂದಿರಾ ಕಡೆಗೆ. ಪಾಟೀಲರ ಶಾಸಕರು ಗಂಟುಮೂಟೆ ಕಟ್ಟಿ ಆ ಕಡೆ ನಡೆದರು. ಮಾರ್ಚ್ 18ಕ್ಕೆ ಸರಕಾರ ಬಿತ್ತು. ಹೊರಗೆ ಹಾಕಿದಷ್ಟೂ ಈ ಹೆಣ್ಣುಮಗಳು ದೊಡ್ಡವಳಾಗುತ್ತಾಳೆ ಎನ್ನುವುದು ಪಾಟೀಲರಿಗೆ ಆಗಲೇ ಗೊತ್ತಾಗಬೇಕಿತ್ತು. ಬಹುಶಃ ಗೊತ್ತಾಗಿತ್ತು.

ಮುಂದೆ ದೇವರಾಜ ಅರಸರ ಕಾಲ. 1975ರ ಜೂನ್ 25ಕ್ಕೆ ತುರ್ತು ಪರಿಸ್ಥಿತಿ. ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ, ಆಗ ಆದ ಅನ್ಯಾಯ ಸಣ್ಣದಲ್ಲ. ಮೀಸಾ ಕಾಯದೆಯಡಿ ದೇಶದಲ್ಲಿ ಒಳಗೆ ಹಾಕಿದ್ದು 34,988 ಮಂದಿಯನ್ನು, ಇದು ಶಾ ಆಯೋಗದ ಲೆಕ್ಕ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದರು. ಹೆಗಡೆಯವರೂ ಸೆರೆಗೆ ಹೋದರು. ಸಂಸ್ಕಾರ ಸಿನಿಮಾದಲ್ಲಿ ಚಂದ್ರಿಯಾಗಿ ನಟಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಹಿಡಿದು ಅದೇ ಜೈಲಿಗೆ ಹಾಕಿದರು. ಆಕೆಗೆ ಉಬ್ಬಸ. ಬರೋಡಾ ಡೈನಮೈಟ್ ಪ್ರಕರಣದ ಹೆಸರು ಹೇಳಿದರು, ಅದರಲ್ಲಿ ಆಕೆಯ ಮೇಲೆ ಕೊನೆಗೂ ಆರೋಪಪಟ್ಟಿ ಬರಲಿಲ್ಲ. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಿಟ್ಟ ಕೆಲವೇ ದಿನಕ್ಕೆ, 20ನೇ ತಾರೀಖಿಗೆ ತೀರಿಕೊಂಡರು. ಜಾರ್ಜ್ ಫರ್ನಾಂಡಿಸ್ ಎಲ್ಲಿ ಅಡಗಿದ್ದಾರೆ ಅಂತ ಬಾಯಿ ಬಿಡಿಸಲು ಅವರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು ಬೆಂಗಳೂರು ಪೊಲೀಸರು ಬಡಿದ ಬಡಿತ ಬಹಳ ಜನರಿಗೆ ಇನ್ನೂ ನೆನಪಿದೆ. ಇವೆಲ್ಲ ನಿಜವಾದ ಅಪರಾಧಗಳು. ಹೆಸರು, ತಾರೀಖು, ಠಾಣೆ ಎಲ್ಲ ಇದ್ದವು.

1977ರ ಮಾರ್ಚಿನಲ್ಲಿ ಉತ್ತರ ಭಾರತ ಇಂದಿರಾ ಅವರನ್ನು ಗುಡಿಸಿ ಹಾಕಿತು. ರಾಯ್‌ಬರೇಲಿಯಲ್ಲಿ ಸ್ವತಃ ಸೋತರು. ಕರ್ನಾಟಕ ಮಾತ್ರ ಬೇರೆ ದಾರಿ ಹಿಡಿಯಿತು. 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ. ಬಾಗಲಕೋಟೆಯೂ ಎಸ್.ಬಿ. ಪಾಟೀಲರನ್ನೇ ಮತ್ತೆ ಕಳಿಸಿತು. ಇದನ್ನು ನೆನಪಿನಲ್ಲಿಡಬೇಕು. ದಿಲ್ಲಿಯ ಹೊಸ ದೊರೆಗಳಿಗೆ ಇಂದಿರಾ ಆರೋಪಿ, ಇಲ್ಲಿಯ ಮತದಾರನಿಗೆ ಅಲ್ಲ.

ಎರಡು ಆಯೋಗ, ಒಂದು ಜಗಳ

ದಿಲ್ಲಿ ಗಾದಿ ಜನತಾ ಪಕ್ಷದ್ದು, ಬೆಂಗಳೂರು ಗಾದಿ ಅರಸರದು. ರಾಜ್ಯದ ವಿರೋಧಿ ಶಾಸಕರು ಅರಸರ ಮೇಲೆ ಭ್ರಷ್ಟಾಚಾರದ ಆರೋಪಗಳ ಮನವಿ ತಯಾರಿಸಿ ಕೇಂದ್ರಕ್ಕೆ ಒಪ್ಪಿಸಿದರು. ಕೇಂದ್ರ ಗೃಹಮಂತ್ರಿ ಅದನ್ನು ಏಪ್ರಿಲ್ 26ಕ್ಕೆ ಅರಸರಿಗೇ ಕಳಿಸಿದರು. ಅರಸು ಬೆಪ್ಪರೇ? ಮೇ 18ಕ್ಕೆ ರಾಜ್ಯ ಸರಕಾರವೇ ನ್ಯಾಯಮೂರ್ತಿ ಮೀರ್ ಇಕ್ಬಾಲ್ ಹುಸೇನರ ಆಯೋಗ ನೇಮಿಸಿಬಿಟ್ಟಿತು. 1952ರ ಕಾಯದೆಯಲ್ಲಿ ಒಂದು ಕಟ್ಟು ಇದೆ. ಒಂದು ವಿಷಯದ ಮೇಲೆ ರಾಜ್ಯ ಆಯೋಗ ಕೂಡ್ರಿಸಿದರೆ ಅದೇ ವಿಷಯಕ್ಕೆ ಕೇಂದ್ರ ಇನ್ನೊಂದು ಕೂಡ್ರಿಸುವಂತಿಲ್ಲ. ಅರಸರ ಲೆಕ್ಕ ಅದು. ಕೇಂದ್ರ ಐದೇ ದಿನಕ್ಕೆ, ಮೇ 23ಕ್ಕೆ, ರಾಜ್ಯದ ಆಯೋಗಕ್ಕೆ ಸೇರಿದ್ದನ್ನು ಬಿಟ್ಟು ಉಳಿದದ್ದಕ್ಕೆ ಅಂತ ನ್ಯಾಯಮೂರ್ತಿ ಗ್ರೋವರ್ ಆಯೋಗ ನೇಮಿಸಿತು. ಒಬ್ಬನೇ ಮುಖ್ಯಮಂತ್ರಿ, ಎರಡು ತನಿಖೆ! ಅರಸು ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 8ರಂದು ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಕೇಂದ್ರದ ಪರ ತೀರ್ಪು ಕೊಟ್ಟಿತು.

ಆಯೋಗ ಅಂದ್ರೆ ಕೋರ್ಟಲ್ಲ. ಅದು ಬರೆಯುವುದು ವರದಿ. ಶಿಕ್ಷೆಯಾಗಬೇಕಾದರೆ ಪೊಲೀಸರು ಬೇರೆ ತನಿಖೆ ಮಾಡಬೇಕು, ಕೋರ್ಟಿನಲ್ಲಿ ಸಾಕ್ಷಿ ನಿಲ್ಲಬೇಕು. ಆದರೆ ಪೇಟೆಯಲ್ಲಿ ವರದಿಯೇ ಶಿಕ್ಷೆ ಎನ್ನುವ ಹಾಗೆ ಸುದ್ದಿಯಾಗುತ್ತದೆ. ಆಯೋಗ ನೇಮಿಸುವವರಿಗೂ ಅಷ್ಟೇ ಸಾಕಾಗಿರುತ್ತದೆ. ಅರಸರ ವಿಷಯದಲ್ಲಿ ಅದೂ ನಡೆಯಲಿಲ್ಲ. ಡಿಸೆಂಬರ್ 31ಕ್ಕೆ ಸರಕಾರ ವಜಾ ಆಯಿತು. 1978ರ ಫೆಬ್ರುವರಿ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸು 224ರಲ್ಲಿ 149 ಗೆದ್ದು ಅರಸರನ್ನು ಮತ್ತೆ ಕೂಡ್ರಿಸಿತು. ಪಾಟೀಲರ ಜನತಾ ಪಕ್ಷ ಹೊರಗೇ ಉಳಿಯಿತು.

ಇದಕ್ಕಿಂತ ದೊಡ್ಡ ಎಡವಟ್ಟು ದಿಲ್ಲಿಯಲ್ಲಿ ಆಗಿತ್ತು. 1977ರ ಅಕ್ಟೋಬರ್ 3. ಗೃಹಮಂತ್ರಿ ಚರಣ ಸಿಂಗರಿಗೆ ಶಾ ಆಯೋಗದ ವರದಿ ಬರುವ ತನಕ ತಡೆಯಲಾಗಲಿಲ್ಲ. ಸಿಬಿಐ ಇಂದಿರಾ ಅವರ ಮನೆ ಬಾಗಿಲಿಗೆ ಹೋಯಿತು. ಆಕೆ ಬೇಡಿ ಹಾಕಿ ಅಂತ ಹಟ ಹಿಡಿದರು. ಕಾರಿನಲ್ಲಿ ಕೂಡ್ರಿಸಿ ಹರಿಯಾಣಾದ ಬಡಖಲ್ ಕೆರೆಯ ಕಡೆ ಹೊರಟರೆ ರೈಲ್ವೆ ಗೇಟು ಬಿದ್ದಿತ್ತು. ಇಳಿದು ಅಲ್ಲೇ ಮೋರಿಯ ಕಟ್ಟೆ ಮೇಲೆ ಕೂತರು. ದಿಲ್ಲಿ ಬಿಟ್ಟು ಹೊರಗೆ ಒಯ್ಯಲು ನಿಮಗೆ ಅಧಿಕಾರವಿಲ್ಲ ಅಂತ ವಕೀಲರು ತಕರಾರು ತೆಗೆದರು. ಗಾಡಿ ತಿರುಗಿಸಿ ವಾಪಸು ತಂದರು. ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ಬಂಧನಕ್ಕೆ ಆಧಾರವೇ ಸಿಗಲಿಲ್ಲ, ಬಿಟ್ಟು ಕಳಿಸಿದರು. ಜಾಮೀನೂ ಬೇಕಾಗಲಿಲ್ಲ.

ಆರೋಪ ಏನಿತ್ತು ನೋಡ್ರಿ. ಚುನಾವಣಾ ಪ್ರಚಾರಕ್ಕೆ ಜೀಪು ಹೊಂದಿಸಿದ್ದು ಒಂದು, ತೈಲದ ಗುತ್ತಿಗೆಯನ್ನು ಫ್ರೆಂಚ್ ಕಂಪನಿಗೆ ಕೊಟ್ಟದ್ದು ಇನ್ನೊಂದು. ಸಾವಿರಾರು ಜನರನ್ನು ವಿಚಾರಣೆ ಇಲ್ಲದೆ ಜೈಲಿಗೆ ತಳ್ಳಿದ ಕಾಲದ ಮೇಲೆ ಮೊದಲ ದೊಡ್ಡ ಖಟ್ಲೆ ಹೂಡುವಾಗ ಸಿಕ್ಕದ್ದು ಜೀಪು! ಸ್ನೇಹಲತಾ ರೆಡ್ಡಿಯ ಹೆಸರಿಲ್ಲ, ಲಾರೆನ್ಸ್ ಹೆಸರಿಲ್ಲ. ಹಿಡಿಯುವ ಆತುರ ಇತ್ತು, ಸಾಕ್ಷಿ ಕೂಡಿಸುವ ತಾಳ್ಮೆ ಇರಲಿಲ್ಲ. ಆ ಒಂದು ರಾತ್ರಿಯಲ್ಲಿ ಆರೋಪಿ ಸ್ಥಾನದಲ್ಲಿ ನಿಂತಿದ್ದಾಕೆ ಪೀಡಿತಳಾಗಿ ಎದ್ದು ಬಂದರು. ಇಂದಿರಾ ಅವರನ್ನು ಮತ್ತೆ ಮೇಲಕ್ಕೆ ಎತ್ತಿದವರಲ್ಲಿ ಅವರ ಬೆಂಬಲಿಗರಿಗಿಂತ ಚರಣ ಸಿಂಗರ ಪಾಲು ಹೆಚ್ಚು ಎಂದರೆ ಉತ್ಪ್ರೇಕ್ಷೆಯಲ್ಲ.

ಚಿಕ್ಕಮಗಳೂರಿನ ಕುಸ್ತಿ

1978ರಲ್ಲಿ ಚಿಕ್ಕಮಗಳೂರಿನ ಸಂಸದ ಡಿ.ಬಿ. ಚಂದ್ರೇಗೌಡ ರಾಜೀನಾಮೆ ಕೊಟ್ಟು ಇಂದಿರಾ ಅವರಿಗೆ ಜಾಗ ಮಾಡಿದರು. ಜನತಾ ಪಕ್ಷಕ್ಕೆ ಎದುರಾಳಿ ಬೇಕು. ಡಾ. ರಾಜಕುಮಾರ್ ಅವರನ್ನು ನಿಲ್ಲಿಸುವ ಮಾತು ಕೂಡ ಆಗ ಓಡಾಡಿತ್ತು. ಕೊನೆಗೆ ಅಖಾಡಕ್ಕೆ ಇಳಿದವರು ವೀರೇಂದ್ರ ಪಾಟೀಲ. ಎಲ್ಲಿಯ ಚಿಂಚೋಳಿ, ಎಲ್ಲಿಯ ಮಲೆನಾಡು? ಆದರೂ ಆ ಹೊತ್ತಿಗೆ ಅವರಷ್ಟು ತೂಕದ, ಕೈ ಶುದ್ಧ ಎಂಬ ಹೆಸರಿನ ಉಮೇದುವಾರ ಜನತಾ ಪಕ್ಷಕ್ಕೆ ಇಲ್ಲಿ ಇರಲಿಲ್ಲ.

ಪ್ರಚಾರಕ್ಕೆ ಜಾರ್ಜ್ ಫರ್ನಾಂಡಿಸ್ ಬಂದು ಬೀಡು ಬಿಟ್ಟರು. ಇಂದಿರಾ ಪರ ಅರಸು ತಮ್ಮ ಇಡೀ ಸರಕಾರವನ್ನೇ ತೊಡಗಿಸಿದರು. ಕಾಫಿ ತೋಟದ ಕೂಲಿ ಹೆಣ್ಣುಮಕ್ಕಳು ಆಕೆಯನ್ನು ನೋಡಲು ಮಳೆಯಲ್ಲಿ ನಿಂತರು. ಪಾಟೀಲರು ಹೊತ್ತ ಗುರುತು ನೇಗಿಲು ಹೊತ್ತ ರೈತ. ಅದರ ಜೊತೆಗೆ ಹೊತ್ತದ್ದು ದಿಲ್ಲಿಯ ಖಟ್ಲೆಗಳ ಗಂಟು. ಆಕೆ ಅಪರಾಧಿ ಅಂತ ಮತದಾರನಿಗೆ ಹೇಳಬೇಕು, ಆದರೆ ಹಾಗಂತ ಹೇಳಿದ ಕೋರ್ಟು ಯಾವುದೂ ಇಲ್ಲ. ಕಾಯದೆ ಓದಿದ ಮನುಷ್ಯನಿಗೆ ಇದಕ್ಕಿಂತ ಕಷ್ಟದ ಕೆಲಸ ಯಾವುದಿದ್ದೀತು?

ನವೆಂಬರ್ 5ಕ್ಕೆ ಮತದಾನ. ಇಂದಿರಾ 77,333 ಮತಗಳಿಂದ ಗೆದ್ದರು.

ಸೋತ ಪಾಟೀಲರು ಮನೆಗೆ ಹೋದರು, ಮುಗಿಯಬೇಕಿತ್ತು. ಆದರೆ ಅವರ ಪಕ್ಷ ಮುಗಿಸಲಿಲ್ಲ. ಮಾರುತಿ ಕಂಪನಿಯ ಬಗ್ಗೆ ಮಾಹಿತಿ ಕೂಡಿಸುತ್ತಿದ್ದ ಅಧಿಕಾರಿಗಳಿಗೆ 1975ರಲ್ಲಿ ಅಡ್ಡಿ ಮಾಡಿದ್ದರು ಎಂಬ ಹಕ್ಕುಚ್ಯುತಿ ಪ್ರಕರಣದಲ್ಲಿ ಡಿಸೆಂಬರ್ 19ರಂದು ಲೋಕಸಭೆ 279-138 ಮತಗಳಿಂದ ಇಂದಿರಾ ಅವರ ಸದಸ್ಯತ್ವ ಕಿತ್ತು ಹಾಕಿ ತಿಹಾರ್ ಜೈಲಿಗೆ ಕಳಿಸಿತು. ಒಂದು ವಾರ ಒಳಗಿದ್ದು 26ಕ್ಕೆ ಹೊರಗೆ ಬಂದರು. ಇಲ್ಲಿ ನ್ಯಾಯಾಧೀಶರು ಯಾರು? ಎದುರು ಪಕ್ಷದ ಸಂಸದರೇ. ಚಿಕ್ಕಮಗಳೂರಿನ ಮತದಾರ ಕೊಟ್ಟ ತೀರ್ಪು ಆರೂವರೆ ವಾರಕ್ಕೆ ರದ್ದಾಯಿತು. ಪಾಟೀಲರಿಗೆ ಮತದಾನದಲ್ಲಿ ಸಿಗದ ಗೆಲುವನ್ನು ಅವರ ಪಕ್ಷ ಈ ರೀತಿ ತೆಗೆದುಕೊಂಡಿತು ಅನ್ನಬೇಕಷ್ಟೇ. ಅದರಿಂದ ಪಾಟೀಲರಿಗೆ ಲಾಭ ಏನೂ ಆಗಲಿಲ್ಲ, ಅವರ ಸೋಲು ಇನ್ನಷ್ಟು ಸಣ್ಣದಾಗಿ ಕಂಡಿತು.

1979ರಲ್ಲಿ ತುರ್ತು ಪರಿಸ್ಥಿತಿಯ ಅಪರಾಧಗಳ ವಿಚಾರಣೆಗೆಂದೇ ವಿಶೇಷ ನ್ಯಾಯಾಲಯಗಳ ಕಾಯದೆ ಬಂತು. ಈ ಕೆಲಸ 1977ರಲ್ಲೇ, ಬಂಧನಕ್ಕಿಂತ ಮೊದಲು ಆಗಿದ್ದರೆ ಕಥೆ ಬೇರೆ ಆಗುತ್ತಿತ್ತೇನೋ. ಅಷ್ಟರಲ್ಲಿ ಜನತಾ ಪಕ್ಷ ಒಡೆದು ಹೋಳಾಯಿತು. ಜುಲೈನಲ್ಲಿ ಮೊರಾರ್ಜಿ ಇಳಿದರು, ಚರಣ ಸಿಂಗ್ ಪ್ರಧಾನಿಯಾದರು. ಯಾರ ಬೆಂಬಲದಿಂದ? ತಾವೇ ಹಿಡಿಸಿದ್ದ ಇಂದಿರಾ ಬೆಂಬಲದಿಂದ! ಲೋಕಸಭೆ ಮುಖ ನೋಡುವ ಮೊದಲೇ ಆ ಬೆಂಬಲ ಹೋಯಿತು, ಆಗಸ್ಟ್ 20ಕ್ಕೆ ರಾಜೀನಾಮೆ. ಖಟ್ಲೆಗಳನ್ನು ಕೈಬಿಡಲು ಒಪ್ಪದ್ದಕ್ಕೆ ಹೀಗಾಯಿತು ಅಂತ ಚರಣ ಸಿಂಗರೇ ಹೇಳಿಕೊಂಡರು. ಅಲ್ಲಿಗೆ ಒಂದು ಮಾತು ಖಾತ್ರಿಯಾಯಿತು, ಕೋರ್ಟಿನಲ್ಲಿ ಇರಬೇಕಾದ ಕಡತ ಸರಕಾರ ಕಟ್ಟುವ, ಕೆಡವುವ ಚೌಕಾಸಿಗೆ ಬಂದಿತ್ತು.

ಬನದ ಹುಣ್ಣಿಮೆಯ ಚುನಾವಣೆ

ಮಧ್ಯಂತರ ಚುನಾವಣೆ 1980ರ ಜನವರಿ 3 ಮತ್ತು 6ಕ್ಕೆ. ಜನವರಿ 2 ಬನದ ಹುಣ್ಣಿಮೆ. ಬಾದಾಮಿ ಸೀಮೆಯವರು ಬನಶಂಕರಿ ಜಾತ್ರೆಯ ಗದ್ದಲದಲ್ಲಿದ್ದ ದಿನಗಳಲ್ಲೇ ದೇಶ ಮತ ಹಾಕಿತು. ಆಗ ಬಾಗಲಕೋಟೆ ಜಿಲ್ಲೆಯಲ್ಲ, ಬಿಜಾಪುರ ಜಿಲ್ಲೆಯ ಊರು. ಇಳಕಲ್ಲು ಹುನಗುಂದ ತಾಲ್ಲೂಕಿನೊಳಗಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದ ಇವೆಲ್ಲ ಸೇರಿದ ಲೋಕಸಭಾ ಮತಕ್ಷೇತ್ರಕ್ಕೆ ಇಂದಿರಾ ಕಾಂಗ್ರೆಸ್ಸಿನ ಉಮೇದುವಾರರಾಗಿ ಬಂದವರು ವೀರೇಂದ್ರ ಪಾಟೀಲ. ಜೋಡೆತ್ತು ಆಯಿತು, ಚರಕ ಆಯಿತು, ನೇಗಿಲು ಹೊತ್ತ ರೈತ ಆಯಿತು. ಈಗ ಹಸ್ತದ ಗುರುತು.

ಅತ್ತ ಅರಸು ಎಲ್ಲಿದ್ದರು? 1979ರ ನಡುವೆಯೇ ಇಂದಿರಾ ಜೊತೆ ಜಗಳವಾಡಿ ಹೊರಗೆ ಬಿದ್ದಿದ್ದರು. ಚಿಕ್ಕಮಗಳೂರಿನಲ್ಲಿ ಗೆಲ್ಲಿಸಿದವರು ಶತ್ರು, ಎದುರು ನಿಂತು ಸೋತವರು ಮಿತ್ರ. ಅದಲು ಬದಲು ಕಂಚಿ ಕದಲು! ಕರ್ನಾಟಕದ 28ರಲ್ಲಿ 27 ಸೀಟು ಇಂದಿರಾ ಕಾಂಗ್ರೆಸ್ಸಿಗೆ ಬಂದವು, ಅರಸರ ಪಕ್ಷಕ್ಕೆ ಒಂದೂ ಇಲ್ಲ. ಬಾಗಲಕೋಟೆ ಪಾಟೀಲರನ್ನು ಆರಿಸಿತು.

ಇದನ್ನು ಅವಕಾಶವಾದ ಅನ್ನಬಹುದೇ? ಅನ್ನಬಹುದು. ಹತ್ತು ವರ್ಷ ಗುರುವಿನ ಹಿಂದೆ ನಿಂತ ಮನುಷ್ಯ ಕೆಲವೇ ತಿಂಗಳಲ್ಲಿ ಮನಸ್ಸು ಬದಲಿಸಿದರೆ ಜನ ಸುಮ್ಮನಿದ್ದಾರೆಯೇ? ಆದರೆ ಇನ್ನೊಂದು ಮಗ್ಗುಲೂ ಇದೆ. ಪಾಟೀಲರು ಬಿಟ್ಟು ಬಂದ ಮನೆಯಲ್ಲಿ ಆಗಲೇ ತೊಲೆ-ಕಂಬ ಉಳಿದಿರಲಿಲ್ಲ. ಮತದಾರ ಕೂಡ ಅವರನ್ನು ಚಿಕ್ಕಮಗಳೂರಿನ ಲೆಕ್ಕ ಕೇಳಲಿಲ್ಲ. ತುರ್ತು ಪರಿಸ್ಥಿತಿಯ ಅನ್ಯಾಯಕ್ಕೆ ಶಿಕ್ಷೆ ಬೇಕು ಅಂತ ಹೊರಟವರು ಮೂರು ವರ್ಷದಲ್ಲಿ ಒಬ್ಬರಿಗೊಬ್ಬರು ಮುಖ ನೋಡದಂತಾದಾಗ, ಆ ಶಿಕ್ಷೆಯ ಮಾತನ್ನು ಹುನಗುಂದದ ರೈತ, ಇಳಕಲ್ಲಿನ ನೇಕಾರ ಯಾಕೆ ಹೊತ್ತು ತಿರುಗಬೇಕು?

ದಿಲ್ಲಿಯಲ್ಲಿ ಖಟ್ಲೆಗಳು ಒಂದೊಂದಾಗಿ ಕುಸಿದವು. ವಿಶೇಷ ನ್ಯಾಯಾಲಯ ತನ್ನ ರಚನೆಯೇ ಕಾಯದೆಬದ್ಧವಲ್ಲ ಅಂತ ಜನವರಿಯಲ್ಲೇ ಕೈ ತೊಳೆದುಕೊಂಡಿತು. ಕಿಸ್ಸಾ ಕುರ್ಸಿ ಕಾ ಸಿನಿಮಾ ಸುಟ್ಟ ಪ್ರಕರಣದಲ್ಲಿ 1979ರ ಫೆಬ್ರುವರಿಯಲ್ಲಿ ಎರಡು ವರ್ಷ ಶಿಕ್ಷೆಯಾಗಿದ್ದ ಸಂಜಯ ಗಾಂಧಿಯನ್ನು ಸುಪ್ರೀಂ ಕೋರ್ಟು 1980ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿತು. 1981ರ ಮೇ 7ರಂದು ಲೋಕಸಭೆ ತಾನೇ 1978ರಲ್ಲಿ ಮಾಡಿದ್ದ ಉಚ್ಚಾಟನೆಯ ಠರಾವು ರದ್ದು ಮಾಡಿತು. ಆ ಲೋಕಸಭೆಯಲ್ಲಿ ಬಾಗಲಕೋಟೆಯ ಸದಸ್ಯ ವೀರೇಂದ್ರ ಪಾಟೀಲ, ಅಷ್ಟೇ ಅಲ್ಲ ಮಂತ್ರಿ. 1980ರಲ್ಲಿ ಅವರಿಗೆ ಮೊದಲು ಸಿಕ್ಕ ಖಾತೆ ಯಾವುದು ಗೊತ್ತೇ? ಪೆಟ್ರೋಲಿಯಂ! ಯಾವ ತೈಲದ ಗುತ್ತಿಗೆಯ ಹೆಸರಿನಲ್ಲಿ 1977ರಲ್ಲಿ ಇಂದಿರಾ ಮನೆಗೆ ಸಿಬಿಐ ಹೋಗಿತ್ತೋ ಅದೇ ಇಲಾಖೆ. ಆಮೇಲೆ ಹಡಗು-ಸಾರಿಗೆ, ಕಾರ್ಮಿಕ ಖಾತೆಗಳು ಬಂದವು.

ಸ್ನೇಹಲತಾ ರೆಡ್ಡಿಯ ಸಾವಿಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಅರಸರ ಪೊಲೀಸರ ಕಾಲದಲ್ಲಿ ಆದದ್ದು ಅದು. ಆ ಅರಸರ ಮೇಲೆ ಜನತಾದವರು ನೇಮಿಸಿದ ಆಯೋಗ ಭೂಮಿ, ಸೈಟು, ಗುತ್ತಿಗೆ ಅಂತ ಹೊರಟಿತ್ತು.

ಈ ತರಹದ ಕೇಸು ಹೂಡುವುದು ಎಷ್ಟು ಸುಲಭವೋ ಹಿಂತೆಗೆಯುವುದೂ ಅಷ್ಟೇ ಸುಲಭ ಎಂಬುದು ಪೇಟೆಯ ನಂಬಿಕೆ. ಪೂರಾ ಸುಳ್ಳಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮಿನಲ್ಲಿ ಸರಕಾರಿ ವಕೀಲ ಕೋರ್ಟಿನ ಒಪ್ಪಿಗೆ ಪಡೆದು ಖಟ್ಲೆ ಹಿಂತೆಗೆಯಬಹುದಿತ್ತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಅದೇ 360ನೇ ಕಲಮು, ನೊಂದವರ ಮಾತನ್ನೂ ಕೇಳಬೇಕು ಎಂಬ ಒಂದು ಕಟ್ಟು ಹೊಸದು. ಕಾಯದೆ ಹೇಳುವುದು ವಕೀಲನೇ ವಿಚಾರ ಮಾಡಬೇಕು ಅಂತ. ನಡೆಯುವುದು ಮಂತ್ರಿ ಸಂಪುಟದ ಠರಾವಿನಿಂದ. ಗಾದಿ ಬದಲಾದಾಗೆಲ್ಲ ಹಳಬರು ಹೂಡಿದ್ದನ್ನು ಹೊಸಬರು ತೆಗೆಯುತ್ತಾರೆ, ಹೊಸದನ್ನು ಹಳಬರ ಮೇಲೆ ಹೂಡುತ್ತಾರೆ.

ಈಗ ಅಲಗು ಇನ್ನೂ ಹರಿತ. 2013ರ ಜುಲೈ 10ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದ ಶಾಸಕ, ಸಂಸದರ ಸೀಟು ಆ ಗಳಿಗೆಗೇ ಹೋಗುತ್ತದೆ. ಜನಪ್ರತಿನಿಧಿಗಳ ಕೇಸಿಗೆಂದೇ ವಿಶೇಷ ಕೋರ್ಟುಗಳಿವೆ, ಬೆಂಗಳೂರಿನಲ್ಲೂ ಇದೆ. ಬೇಕಾದ ಕಾಯದೆಯೇ ಹೌದು, ಅಪರಾಧಿ ಶಾಸನಸಭೆಯಲ್ಲಿ ಕೂಡಬಾರದು. ಆದರೆ ಆ ಕೋರ್ಟಿನ ಬಾಗಿಲಿಗೆ ಯಾರನ್ನು ಕರೆದೊಯ್ಯಬೇಕು, ಯಾರನ್ನು ಬಿಡಬೇಕು ಅಂತ ತೀರ್ಮಾನಿಸುವ ಪೊಲೀಸರು ಗಾದಿಯಲ್ಲಿ ಕೂತವರ ಕೈಯಲ್ಲೇ ಇದ್ದಾರೆ. 1977ರಲ್ಲೂ ತೊಡಕು ಅಲ್ಲೇ ಇತ್ತು.

ಕುಶನ ಸರದಿ

ಇನ್ನು ಹೆಗಡೆಯವರ ಮಾತು. 1983ರಲ್ಲಿ ಅವರು ಮುಖ್ಯಮಂತ್ರಿಯಾದರು. ರಾಜ್ಯಕ್ಕೆ 1984ರಲ್ಲಿ ಲೋಕಾಯುಕ್ತ ಕಾಯದೆ ತಂದವರು ಅವರೇ. ಎದುರಾಳಿಯ ಮೇಲಿನ ದೂರನ್ನು ಮಂತ್ರಿಯ ಕೈಯಿಂದ ತಪ್ಪಿಸಿ ನ್ಯಾಯಮೂರ್ತಿಯ ಕೈಗೆ ಕೊಡುವ ಏರ್ಪಾಟು ಅದು. ಒಳ್ಳೆಯ ಕೆಲಸ. ಆದರೆ 1988ರ ಆಗಸ್ಟ್‌ನಲ್ಲಿ ಅದೇ ಹೆಗಡೆ ಟೆಲಿಫೋನ್ ಕದ್ದಾಲಿಕೆಯ ಆರೋಪದ ಮೇಲೆ ಗಾದಿ ಬಿಟ್ಟರು. 1990ರಲ್ಲಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗದ ವರದಿ ಜಮೀನು ವ್ಯವಹಾರದಲ್ಲಿ ಅವರ ಕಡೆ ಬೆರಳು ತೋರಿಸಿತು, ಯೋಜನಾ ಆಯೋಗದ ಉಪಾಧ್ಯಕ್ಷ ಸ್ಥಾನವೂ ಹೋಯಿತು. ಆಗ ದಿಲ್ಲಿಯಲ್ಲಿ ಇದ್ದದ್ದು ಅವರ ಸ್ವಂತ ಪಕ್ಷದ ಸರಕಾರ.

1991ರಲ್ಲಿ ಲೋಕಸಭೆಗೆ ಹೆಗಡೆ ಆರಿಸಿಕೊಂಡ ಮತಕ್ಷೇತ್ರ ಬಾಗಲಕೋಟೆ. ಲವನಿಗೆ ಸೀಟು ಕೊಟ್ಟ ಊರು ಕುಶನಿಗೂ ಕೊಟ್ಟೀತು ಎಂಬ ಲೆಕ್ಕವಿದ್ದಿರಬೇಕು. ಕೊಡಲಿಲ್ಲ. ಎದುರಿಗಿದ್ದವರು ಕಾಂಗ್ರೆಸ್ಸಿನ ಸಿದ್ದು ನ್ಯಾಮಗೌಡ, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ರೈತರ ದುಡ್ಡು, ರೈತರ ಬೆವರಿನಿಂದಲೇ ಬ್ಯಾರೇಜು ಕಟ್ಟಿಸಿದವರು. ಆಯೋಗದ ವರದಿಯ ತೂಕ ಎಷ್ಟಿತ್ತೋ, ಹೊಲಕ್ಕೆ ಬಂದ ನೀರಿನ ತೂಕ ಮಾತ್ರ ಜಾಸ್ತಿ ಇತ್ತು. ಹೆಗಡೆ ಸೋತರು. ಅವರೇ ಕಟ್ಟಿದ ಲೋಕಶಕ್ತಿ ಪಕ್ಷ 1998ರಲ್ಲಿ ಇದೇ ಬಾಗಲಕೋಟೆಯನ್ನು ಗೆದ್ದದ್ದು ಇನ್ನೊಂದು ತಮಾಷೆ.

ಪಾಟೀಲರು 1984ರ ಕೊನೆಯಲ್ಲಿ ಗುಲ್ಬರ್ಗಾದಿಂದ ಲೋಕಸಭೆಗೆ ಹೋದರು, ರಾಜೀವ್ ಸಂಪುಟದಲ್ಲಿ ರಾಸಾಯನಿಕ, ರಸಗೊಬ್ಬರ ಖಾತೆ ನೋಡಿಕೊಂಡರು. 1989ರಲ್ಲಿ ಅವರ ಮುಂದಾಳತ್ವದಲ್ಲಿ ಕಾಂಗ್ರೆಸ್ಸು ವಿಧಾನಸಭೆಯ 224ರಲ್ಲಿ 178 ಗೆದ್ದಿತು. ಅಂಥ ಬಹುಮತ ಮತ್ತೆ ಯಾರಿಗೂ ಬಂದಿಲ್ಲ. ನವೆಂಬರ್ 30ಕ್ಕೆ ಎರಡನೇ ಸಲ ಮುಖ್ಯಮಂತ್ರಿ. ಹತ್ತು ತಿಂಗಳು ಕಳೆದಿತ್ತು, ಪಾರ್ಶ್ವವಾಯು ಹೊಡೆಯಿತು. 1990ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಗಲಭೆ ಎದ್ದಾಗ ರಾಜೀವ್ ಬಂದು ಹಾಸಿಗೆ ಹಿಡಿದಿದ್ದ ಪಾಟೀಲರನ್ನು ನೋಡಿದರು. ವಾಪಸು ಹೋಗುವಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಮುಖ್ಯಮಂತ್ರಿ ಬದಲಾವಣೆಯ ಸುದ್ದಿ ಹೇಳಿ ವಿಮಾನ ಹತ್ತಿದರು. ಅಕ್ಟೋಬರ್ 10ಕ್ಕೆ ರಾಷ್ಟ್ರಪತಿ ಆಳ್ವಿಕೆ, 17ಕ್ಕೆ ಬಂಗಾರಪ್ಪ. ಆ ಸಲ ಕೇಸೂ ಬೇಕಾಗಲಿಲ್ಲ, ಆಯೋಗವೂ ಬೇಕಾಗಲಿಲ್ಲ.

ಪಾಟೀಲರು 1997ರ ಮಾರ್ಚ್ 14ರಂದು ತೀರಿಕೊಂಡರು. ಅದೇ ವರ್ಷದ ಆಗಸ್ಟ್ 15ಕ್ಕೆ ಬಾಗಲಕೋಟೆ ಜಿಲ್ಲೆಯಾಯಿತು. 1980ರಲ್ಲಿ ಅವರಿಗೆ ಮತ ಹಾಕಿದ ಹಳೇ ಪೇಟೆಯ ಎಷ್ಟೋ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಸೇರಿದವು, ಜನ ನವನಗರಕ್ಕೆ ಹೋದರು.